ಜೈಲ್‌ಬ್ರೇಕ್ ಮಾಡಿದ ಐಫೋನ್: ಮೊದಲಿನಿಂದ ಇರುವ ಪಾಸ್‌ವರ್ಡ್ ಬದಲಾಯಿಸಿದವರು ಅನುಭವ ಹೇಳ್ತೀರಾ?

ನನ್ನ ಹಳೇ ಐಫೋನನ್ನು ಹೋದ ವಾರ ಜೈಲ್‌ಬ್ರೇಕ್ ಮಾಡಿದೆ, ಅಂದರೆ ಆಪಲ್ ಹಾಕಿದ ನಿರ್ಬಂಧಗಳನ್ನು ತೆಗೆದೆ. ಕಂಪ್ಯೂಟರಿನಿಂದ ಫೈಲ್ ಹಾಕಿಕೊಳ್ಳಲು ಸುಲಭ ಅಂತ ಓಪನ್‌ಎಸ್‌ಎಸ್‌ಎಚ್ (ನೆಟ್‌ವರ್ಕ್ ಮೂಲಕ ಫೋನಿನೊಳಗೆ ಹೋಗಲು ಬಿಡುವ ಸಾಫ್ಟ್‌ವೇರ್) ಕೂಡ ಹಾಕಿದೆ. ಈಗ ಗೆಳೆಯರೊಬ್ಬರು "ಪಾಸ್‌ವರ್ಡ್ ಬದಲಾಯಿಸಿದ್ಯಾ?" ಅಂತ ಕೇಳಿದ ಮೇಲೆ ಭಯ ಶುರುವಾಗಿದೆ. ಸ್ಕ್ರೀನ್ ಲಾಕ್‌ಗೆ ಆರು ಅಂಕಿ ಇಟ್ಟಿದ್ದೇನೆ. ಅದು ಸಾಲದಾ? ಮಾಡಿ ನೋಡಿದವರು ದಯವಿಟ್ಟು ಹೇಳಿ.

*

ಸಾಲದು. ಅದೇ ಬೇರೆ, ಇದೇ ಬೇರೆ. ಫೋನ್ ಕೈಗೆ ಸಿಕ್ಕವರನ್ನು ಸ್ಕ್ರೀನ್ ಲಾಕ್ ತಡೆಯುತ್ತದೆ. ಎಸ್‌ಎಸ್‌ಎಚ್ ಮೂಲಕ ಬರುವವರು ನಿಮ್ಮ ಫೋನ್ ಮುಟ್ಟಬೇಕಾಗಿಯೇ ಇಲ್ಲ, ಒಂದೇ ವೈಫೈನಲ್ಲಿದ್ದರೆ ಸಾಕು. ಐಫೋನಿನ ಒಳಗೆ ‘ರೂಟ್’ (ಎಲ್ಲ ಅಧಿಕಾರ ಇರುವ ಖಾತೆ) ಮತ್ತು ‘ಮೊಬೈಲ್’ ಅಂತ ಎರಡು ಖಾತೆಗಳಿವೆ. ಎರಡಕ್ಕೂ ಮೊದಲಿನಿಂದ ಇರುವ ಪಾಸ್‌ವರ್ಡ್ ‘ಆಲ್ಪೈನ್’. ಇದು ವರ್ಷಗಳಿಂದ ಎಲ್ಲರಿಗೂ ಗೊತ್ತು.

ಫೋನಿನಲ್ಲಿ ಟರ್ಮಿನಲ್ ಆಪ್ (ಆಜ್ಞೆ ಟೈಪ್ ಮಾಡುವ ಆಪ್) ತೆರೆದು ‘ಎಸ್‌ಯು’ ಎಂದು ಟೈಪ್ ಮಾಡಿ, ಹಳೇ ಪಾಸ್‌ವರ್ಡ್ ಕೊಡಿ. ಸಾಲಿನ ಕೊನೆಯಲ್ಲಿದ್ದ ಡಾಲರ್ ಗುರುತು ಹೋಗಿ ಹ್ಯಾಶ್ ಗುರುತು ಬಂದರೆ ನೀವು ರೂಟ್ ಆಗಿದ್ದೀರಿ ಅಂತ ಅರ್ಥ. ಆಮೇಲೆ ಪಿ-ಎ-ಎಸ್-ಎಸ್-ಡಬ್ಲ್ಯೂ-ಡಿ ಎಂಬ ಆಜ್ಞೆ ಕೊಡಿ. ನಡುವೆ ಓ, ಆರ್ ಇಲ್ಲ, ಅಲ್ಲೇ ತುಂಬಾ ಜನ ಎಡವುತ್ತಾರೆ. ಹೊಸ ಪಾಸ್‌ವರ್ಡ್ ಎರಡು ಸಲ ಕೇಳುತ್ತದೆ.

*

ಒಂದು ಮಾತು ಸೇರಿಸುತ್ತೇನೆ. ಟೈಪ್ ಮಾಡುವಾಗ ಪರದೆಯ ಮೇಲೆ ಒಂದು ಚುಕ್ಕೆಯೂ ಮೂಡುವುದಿಲ್ಲ. ನಾನು ಕೀಬೋರ್ಡ್ ಕೆಟ್ಟಿದೆ ಅಂದುಕೊಂಡು ಮೂರು ಸಲ ಬಿಟ್ಟು ಬಂದಿದ್ದೆ. ಹೆದರಬೇಡಿ, ಪೂರ್ತಿ ಟೈಪ್ ಮಾಡಿ ರಿಟರ್ನ್ ಒತ್ತಿ.

ಇನ್ನೊಂದು, ಇದೇ ಮುಖ್ಯ. ನಾನು ರೂಟ್‌ನದ್ದು ಮಾತ್ರ ಬದಲಾಯಿಸಿ ನಿಶ್ಚಿಂತೆಯಾಗಿದ್ದೆ. ಎರಡು ತಿಂಗಳಾದ ಮೇಲೆ ಸುಮ್ನೆ ಪರೀಕ್ಷೆ ಮಾಡೋಣ ಅಂತ ಲ್ಯಾಪ್‌ಟಾಪ್‌ನಿಂದ ‘ಮೊಬೈಲ್’ ಹೆಸರಲ್ಲಿ ಹಳೇ ಪಾಸ್‌ವರ್ಡ್ ಕೊಟ್ಟೆ. ನೇರ ಒಳಗೆ ಬಿಟ್ಟಿತು! ನನ್ನ ಫೋಟೊಗಳ ಫೋಲ್ಡರ್ ಕಣ್ಣ ಮುಂದೆ ತೆರೆದುಕೊಂಡಿತು. ಎದೆ ಧಸಕ್ಕೆಂದಿತು. ನಿಮ್ಮ ಫೋಟೊಗಳೆಲ್ಲ ಇರುವುದು ಆ ಖಾತೆಯ ಕೆಳಗೇ. ಹಾಗಾಗಿ ಅದೇ ಆಜ್ಞೆಯ ನಂತರ ಜಾಗ ಬಿಟ್ಟು ‘ಮೊಬೈಲ್’ ಎಂದು ಸೇರಿಸಿ ಅದನ್ನೂ ಬದಲಾಯಿಸಿ.

*

ಇದೆಲ್ಲ ಬರೀ ಹೆದರಿಕೆ ಅಂದುಕೊಳ್ಳುವವರಿಗೆ 2009ರ ನವೆಂಬರ್ ನೆನಪಿಸುತ್ತೇನೆ. ಐಕೀ ಎಂಬ ವರ್ಮ್ (ತಾನಾಗಿ ಹರಡುವ ಕೇಡಿನ ಪ್ರೋಗ್ರಾಂ) ಆಸ್ಟ್ರೇಲಿಯಾದಲ್ಲಿ ಇದೇ ಪಾಸ್‌ವರ್ಡ್ ಹಿಡಿದು ಫೋನಿನಿಂದ ಫೋನಿಗೆ ಹರಡಿತು. ಅದು ವಾಲ್‌ಪೇಪರ್ ತೆಗೆದು ಗಾಯಕ ರಿಕ್ ಆಸ್ಟ್ಲಿಯ ಚಿತ್ರ ಹಾಕಿ ಬಿಡುತ್ತಿತ್ತು ಅಷ್ಟೇ. ಅದೇ ತಿಂಗಳು ಬಂದ ಇನ್ನೊಂದು ವರ್ಮ್ ಅಷ್ಟು ಸಾಧು ಆಗಿರಲಿಲ್ಲ. ನೆದರ್ಲೆಂಡ್ಸ್‌ನ ಬ್ಯಾಂಕ್ ಗ್ರಾಹಕರ ಮೇಲೆ ಕಣ್ಣಿಟ್ಟಿತ್ತು, ರೂಟ್ ಪಾಸ್‌ವರ್ಡನ್ನೂ ತಾನೇ ಬದಲಾಯಿಸಿಬಿಡುತ್ತಿತ್ತು. ಎರಡೂ ಹೊಕ್ಕಿದ್ದು ಓಪನ್‌ಎಸ್‌ಎಸ್‌ಎಚ್ ಹಾಕಿ ಪಾಸ್‌ವರ್ಡ್ ಹಾಗೇ ಬಿಟ್ಟವರ ಫೋನಿಗೆ. ನಿಮ್ಮ ಸ್ಥಿತಿ ಈಗ ಅದೇ ಅಲ್ವಾ? ಬದಲಾಯಿಸುವ ತನಕ ಹೊರಗಿನ ವೈಫೈ ಮುಟ್ಟಬೇಡಿ.

*

ಈಗಿನ ಕೆಲವು ಜೈಲ್‌ಬ್ರೇಕ್‌ಗಳು ಹಾಕುವಾಗಲೇ ಹೊಸ ಪಾಸ್‌ವರ್ಡ್ ಕೇಳುತ್ತವೆ. ಅವಸರದಲ್ಲಿ ‘1234’ ಅಂತ ಕೊಟ್ಟು ಮುಂದೆ ಹೋಗಬೇಡಿ. ಫೋನ್ ರಿಸ್ಟೋರ್ ಮಾಡಿ ಮತ್ತೆ ಜೈಲ್‌ಬ್ರೇಕ್ ಮಾಡಿದರೆ ನೀವು ಬದಲಾಯಿಸಿದ್ದು ಉಳಿಯುವುದಿಲ್ಲ, ಮೊದಲಿಂದ ಮಾಡಬೇಕು. ಫೈಲ್ ಹಾಕುವುದು ಅಪರೂಪಕ್ಕೆ ಅನ್ನುವುದಾದರೆ ಓಪನ್‌ಎಸ್‌ಎಸ್‌ಎಚ್ ತೆಗೆದೇ ಬಿಡಿ, ಬೇಕಾದಾಗ ಹಾಕಿಕೊಳ್ಳಿ. ನಾನು ಹಾಗೇ ಮಾಡುವುದು.

*

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಈಗಷ್ಟೇ ಎರಡೂ ಖಾತೆಯದ್ದು ಬದಲಾಯಿಸಿದೆ. ಚುಕ್ಕೆ ಮೂಡುವುದಿಲ್ಲ ಅಂತ ಹೇಳಿರದಿದ್ದರೆ ನಾನೂ ಬಿಟ್ಟು ಬರುತ್ತಿದ್ದೆ. ಕಂಪ್ಯೂಟರಿನಿಂದ ಹಳೇ ಪಾಸ್‌ವರ್ಡ್ ಕೊಟ್ಟು ನೋಡಿದೆ, ರೂಟ್‌ಗೂ ಮೊಬೈಲ್‌ಗೂ ‘ಪರ್ಮಿಷನ್ ಡಿನೈಡ್’ ಅಂತ ಬಂತು.