ಕಾರಿನ ‘ಅರ್ಥ್’ಗೆ ಕನ್ನಡದಲ್ಲಿ ಏನೆನ್ನಬೇಕು?

ಮಾನ್ಯರೆ,

ಮುಂಬಯಿಯ ಘಾಟ್‌ಕೋಪರದ ನಮ್ಮ ಸೊಸೈಟಿಯಲ್ಲಿ ಆರೇಳು ಕನ್ನಡ ಮನೆಗಳಿವೆ. ಕಾರಿನ ಸಣ್ಣಪುಟ್ಟ ರಿಪೇರಿಗಳನ್ನು ಮನೆಯಲ್ಲೇ ಮಾಡಿಕೊಳ್ಳುವ ಬಗೆಯನ್ನು ಈ ಮನೆಗಳವರಿಗಾಗಿ ಕನ್ನಡದಲ್ಲಿ ಬರೆದಿಡಬೇಕೆಂದು ಈ ಮಳೆಗಾಲದಲ್ಲಿ ಹೊರಟಿದ್ದೇನೆ. ಮೊದಲ ಹಾಳೆ ಬ್ರೇಕ್ ದೀಪದ್ದು. ಅದು ಬಹುಪಾಲು ಮುಗಿದಿದ್ದರೂ ಒಂದು ಪದಕ್ಕೆ ಸರಿಯಾದ ಕನ್ನಡ ಸಿಗದೆ ನಿಂತಿದೆ. ತಿಳಿದವರು ನೆರವಾಗಬೇಕೆಂದು ಕೇಳಿಕೊಳ್ಳುತ್ತೇನೆ.

ಈ ಪ್ರಶ್ನೆ ಹುಟ್ಟಿದ್ದು ನನ್ನ ಕಾರಿನಲ್ಲಿಯೇ. ಜುಲೈ ತಿಂಗಳ ಮಳೆಯಲ್ಲಿ ಅದರ ಎಡಬದಿಯ ಬ್ರೇಕ್ ದೀಪ ಉರಿಯದಾಯಿತು. ಬಲ್ಬ್ ಹೋಗಿದೆ ಎಂದುಕೊಂಡು ಕುರ್ಲಾದ ಬಿಡಿಭಾಗದ ಅಂಗಡಿಯಿಂದ ಹೊಸದನ್ನು ತಂದು ಹಾಕಿದೆ, ಆದರೂ ದೀಪ ಸರಿಹೋಗಲಿಲ್ಲ. ಬಲಬದಿಯ ದೀಪ ಚೆನ್ನಾಗಿ ಉರಿಯುತ್ತಿದ್ದುದರಿಂದ, ಎರಡಕ್ಕೂ ಸೇರಿದ ಫ್ಯೂಸಿನಲ್ಲಾಗಲಿ ಪೆಡಲಿನ ಮೇಲ್ಗಡೆ ಇರುವ ಸ್ವಿಚ್ಚಿನಲ್ಲಾಗಲಿ ದೋಷವಿರಲಾರದೆಂಬುದು ಸ್ಪಷ್ಟವಿತ್ತು. ನನ್ನ ಹೆಂಡತಿ ಕಾರಿನ ಹಿಂದೆ ನಿಂತು ನೋಡಿ ಹೇಳಿದ ಸಂಗತಿ ಮಾತ್ರ ನನಗೆ ಬಿಡಿಸಲಾಗದ ಒಗಟಾಯಿತು: ಪೆಡಲ್ ಒತ್ತಿದಾಗ ಎಡಬದಿಯಲ್ಲಿ ಬೆಳಕು ಬರುತ್ತದೆ, ಆದರೆ ಅದು ಪಾರ್ಕಿಂಗ್ ದೀಪದಷ್ಟು ಮಂಕು.

ಹುಬ್ಬಳ್ಳಿ ಕಡೆಯ ನೆರೆಮನೆಯ ಹಿರಿಯರು ಇದನ್ನು ಕೇಳಿದೊಡನೆ, “ಬಲ್ಬ್ ಹೋಗಿಲ್ರೀ, ಅರ್ಥ್ ಹೋಗೇತಿ” ಎಂದರು. ನನಗೆ ಅದು ಒಪ್ಪಿಗೆಯಾಗಲಿಲ್ಲ. ಮನೆಯ ವೈರಿಂಗಿನಲ್ಲಿ ಅರ್ಥ್ ಕಡಿದುಹೋದರೂ ದೀಪ ಉರಿಯುತ್ತಲೇ ಇರುತ್ತದೆ, ಶಾಕ್ ಹೊಡೆಯುವ ಅಪಾಯ ಹೆಚ್ಚುತ್ತದೆ ಅಷ್ಟೆ. ಹೀಗಿರುವಾಗ ಅರ್ಥ್ ಇಲ್ಲದ ಕಾರಣಕ್ಕೆ ದೀಪ ಮಂಕಾಗುವುದು ಹೇಗೆ? ಅವರು ವಾದಕ್ಕೆ ಇಳಿಯದೆ ಒಂದು ತುಂಡು ವೈರ್ ತಂದು, ಅದರ ಒಂದು ತುದಿಯನ್ನು ಹೋಲ್ಡರಿನ ಅರ್ಥ್ ತಗಡಿಗೂ ಇನ್ನೊಂದನ್ನು ಡಿಕ್ಕಿಯೊಳಗಿನ ಬಣ್ಣವಿಲ್ಲದ ಒಂದು ಬೋಲ್ಟಿಗೂ ಮುಟ್ಟಿಸಿದರು. ದೀಪ ಕೂಡಲೇ ಪೂರ್ತಿ ಬೆಳಕಿನಿಂದ ಉರಿಯಿತು.

ಆಗ ತಿಳಿದದ್ದು, ನನ್ನ ತಪ್ಪು ಪದದಿಂದ ಬಂದಿತ್ತು ಎಂಬುದು. ಕಾರಿನ ‘ಅರ್ಥ್’ ಮನೆಯ ಅರ್ಥ್ ಅಲ್ಲ. ನಾಲ್ಕು ರಬ್ಬರ್ ಟಯರುಗಳ ಮೇಲೆ ನಿಂತ ಕಾರಿನ ದೀಪಕ್ಕೂ ಭೂಮಿಗೂ ಯಾವ ಸಂಬಂಧವೂ ಇಲ್ಲ. ಬ್ಯಾಟರಿಯಿಂದ ತಂತಿಯ ಮೂಲಕ ದೀಪಕ್ಕೆ ಬಂದ ವಿದ್ಯುತ್ತು ಕಾರಿನ ಕಬ್ಬಿಣದ ಮೈಯ ಮೂಲಕವೇ ಬ್ಯಾಟರಿಗೆ ಮರಳುತ್ತದೆ, ಹೀಗೆ ಮರಳುವ ದಾರಿಗೆ ಮೆಕ್ಯಾನಿಕ್ಕುಗಳು ‘ಅರ್ಥ್’ ಅಥವಾ ‘ಬಾಡಿ ಅರ್ಥ್’ ಎನ್ನುತ್ತಾರೆ. ಮನೆಯಲ್ಲಿ ಈ ಕೆಲಸವನ್ನು ಮಾಡುವುದು ನ್ಯೂಟ್ರಲ್ ತಂತಿ. ಮನೆಯ ಅರ್ಥ್ ತಂತಿಯಲ್ಲಿ ಮಾಮೂಲಿಯಾಗಿ ವಿದ್ಯುತ್ತು ಹರಿಯುವುದೇ ಇಲ್ಲ, ಕಾರಿನ ಅರ್ಥ್‌ನಲ್ಲಾದರೋ ದೀಪದ ಅಷ್ಟೂ ವಿದ್ಯುತ್ತು ಹರಿಯಬೇಕು. 12 ವೋಲ್ಟಿನ ಕಾರಿನಲ್ಲಿ 21 ವ್ಯಾಟಿನ ಒಂದು ಬ್ರೇಕ್ ದೀಪಕ್ಕೆ ಅದು ಹೆಚ್ಚುಕಡಿಮೆ 1.75 ಆಂಪಿಯರ್ ಆಗುತ್ತದೆ.

ಮಂಕು ಬೆಳಕಿನ ಗುಟ್ಟೂ ಇದರಲ್ಲಿಯೇ ಇತ್ತು. ನನ್ನ ಕಾರಿನ ಹಿಂಬದಿಯ ಬಲ್ಬಿನಲ್ಲಿ ಎರಡು ಎಳೆಗಳಿವೆ (ಫಿಲಮೆಂಟುಗಳು): ಬ್ರೇಕಿಗೆ 21 ವ್ಯಾಟಿನದು, ಪಾರ್ಕಿಂಗಿಗೆ 5 ವ್ಯಾಟಿನದು. ಎರಡಕ್ಕೂ ಅರ್ಥ್ ಒಂದೇ. ಆ ದಾರಿ ಕಡಿದಾಗ ಬ್ರೇಕಿನ ಎಳೆಗೆ ಬಂದ ವಿದ್ಯುತ್ತು ಪಾರ್ಕಿಂಗಿನ ಎಳೆಯೊಳಗೆ ಹಿಮ್ಮುಖವಾಗಿ ನುಗ್ಗಿ, ಬೇರೆ ಪಾರ್ಕಿಂಗ್ ದೀಪಗಳನ್ನು ಹಾದು, ಅವುಗಳ ಅರ್ಥ್ ಮೂಲಕ ಸುತ್ತುಬಳಸಿನ ದಾರಿ ಹಿಡಿದು ಬ್ಯಾಟರಿಯನ್ನು ಸೇರುತ್ತದೆ. ಹಾಗಾಗಿ ಬ್ರೇಕಿನ ಎಳೆ ಬೆಳಗಲಾರದೆ ಪಾರ್ಕಿಂಗಿನ ಎಳೆ ಮಾತ್ರ ಮಂಕಾಗಿ ಉರಿಯುತ್ತದೆ.

ಡಿಕ್ಕಿಯ ಒಳಹಾಸನ್ನು ಸರಿಸಿ ನೋಡಿದಾಗ ಅರ್ಥ್ ತಂತಿಯ ಬಳೆ ಬೋಲ್ಟಿನ ಕೆಳಗೆ ಹಸಿರುಗಟ್ಟಿತ್ತು. ಸಮುದ್ರದ ಗಾಳಿಯೂ ಮಳೆಯೂ ಕೂಡಿದ ಮುಂಬಯಿಯಲ್ಲಿ ಇದು ಸಾಮಾನ್ಯ. ಗ್ಯಾರೇಜಿನವರು ಇದಕ್ಕೆ ‘ಕಾರ್ಬನ್ ಬಂದಿದೆ’ ಎನ್ನುವುದನ್ನು ಕೇಳಿದ್ದೇನೆ, ಆದರೆ ಅಲ್ಲಿದ್ದದ್ದು ಕಾರ್ಬನ್ ಅಲ್ಲ. ಇಲ್ಲಿ ನಮ್ಮ ಭಾಷೆ ಎಷ್ಟು ಸಿರಿವಂತ ಎಂದು ನನಗೆ ನಿಜವಾಗಿಯೂ ಸಂತೋಷವಾಯಿತು. ಕಬ್ಬಿಣಕ್ಕೆ ಹಿಡಿಯುವುದು ತುಕ್ಕು, ತಾಮ್ರ ಹಿತ್ತಾಳೆಗಳಿಗೆ ಹಿಡಿಯುವುದು ಕಿಲುಬು. ಹಾಳೆಯಲ್ಲಿ ‘ಬೋಲ್ಟಿನ ತುಕ್ಕನ್ನೂ ಬಳೆಯ ಕಿಲುಬನ್ನೂ ಪಾಲಿಶ್ ಪೇಪರಿನಿಂದ ಉಜ್ಜಿ ತೆಗೆಯಿರಿ’ ಎಂದು ಬರೆದೆ. ಓದಿದ ಪ್ರತಿಯೊಬ್ಬರಿಗೂ ಎಲ್ಲಿ ಏನಿರುತ್ತದೆಂದು ವಿವರಣೆಯಿಲ್ಲದೆ ತಿಳಿಯಿತು.

ದೀಪದ ಹೆಸರೂ ಸ್ವಲ್ಪ ತೊಡಕು ಮಾಡಿತು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಇದಕ್ಕೆ ‘ಸ್ಟಾಪ್ ಲ್ಯಾಂಪ್’ ಎಂಬ ಹೆಸರಿರುವುದರಿಂದ ‘ನಿಲುಗಡೆ ದೀಪ’ ಎಂದು ಬರೆದಿದ್ದೆ. ಆದರೆ ‘ವಾಹನ ನಿಲುಗಡೆ’ ಎಂಬ ಫಲಕಗಳು ನಮಗೆಲ್ಲ ಪಾರ್ಕಿಂಗ್ ಎಂಬ ಅರ್ಥವನ್ನೇ ರೂಢಿಸಿವೆ, ಪಾರ್ಕಿಂಗ್ ದೀಪವಾದರೋ ಅದೇ ಬಲ್ಬಿನ ಇನ್ನೊಂದು ಎಳೆ. ಇದಕ್ಕಿಂತ ದೊಡ್ಡ ಗೊಂದಲ ಬೇರೆ ಬೇಕಿಲ್ಲ ಎನಿಸಿ ‘ಬ್ರೇಕ್ ದೀಪ’ ಎಂದೇ ಉಳಿಸಿದೆ. ‘ದೀಪ ಕೆಟ್ಟಿದ್ದರೆ’ ಎಂಬ ಮಾತನ್ನೂ ಬಿಟ್ಟೆ. ಹಾಸನದ ಕಡೆಯ ನಮ್ಮ ಅಜ್ಜಿ ‘ದೀಪ ಕೆಡಿಸು’ ಎಂದರೆ ಆರಿಸು ಎಂದೇ ಅರ್ಥವಾಗುತ್ತಿತ್ತು. ನೆರೆಮನೆಯವರ ‘ಹತ್ತವಲ್ದು’ (ಹತ್ತುತ್ತಿಲ್ಲ) ಎಂಬ ಮಾತೇ ನನಗೆ ಹೆಚ್ಚು ಹಿಡಿಸಿತು, ಏಕೆಂದರೆ ಅದು ಕಂಡದ್ದನ್ನಷ್ಟೇ ಹೇಳುತ್ತದೆ, ಕಾರಣವನ್ನು ಮೊದಲೇ ತೀರ್ಮಾನಿಸುವುದಿಲ್ಲ. ‘ಬಲ್ಬ್ ಹೋಗಿದೆ’ ಎಂದು ನಾನು ಮೊದಲ ದಿನವೇ ತೀರ್ಮಾನಿಸಿದ್ದರಿಂದ ತಾನೆ ಬೇಡದ ಬಲ್ಬೊಂದು ಮನೆಗೆ ಬಂದದ್ದು.

ಇನ್ನು ಮುಖ್ಯ ಪ್ರಶ್ನೆ. ಶಾಲೆಯ ಪುಸ್ತಕಗಳ ‘ಭೂಸಂಪರ್ಕ’ ಮನೆಯ ಮಟ್ಟಿಗೆ ಸರಿಯಾದ ಪದ, ಕಾರಿಗೆ ಹೇಳಿದರೆ ಸುಳ್ಳಾಗುತ್ತದೆ. ‘ಅರ್ಥ್’ ಎಂದೇ ಇಡಬಹುದಾದರೂ, ನನ್ನನ್ನು ದಾರಿ ತಪ್ಪಿಸಿದ ಪದವೇ ಅದು. ಮೇಲಾಗಿ ‘ಅರ್ಥ್ ಸಿಗುತ್ತಿಲ್ಲ’ ಎಂಬಲ್ಲಿ ಕೊನೆಯ ವ್ಯಂಜನದ ಗುರುತು ಮಾಸಿದರೆ ವಾಕ್ಯ ಬೇರೆಯೇ ಆಗುತ್ತದೆ. ‘ಋಣತಂತಿ’ ಎಂದು ಒಬ್ಬರು ಸೂಚಿಸಿದರು. ಇಂದಿನ ಕಾರುಗಳಲ್ಲಿ ಬ್ಯಾಟರಿಯ ಋಣಾಗ್ರವೇ ಮೈಗೆ ಸೇರಿರುವುದರಿಂದ ಅದು ಹೊಂದುತ್ತದೆ, ಆದರೆ 1960ರ ದಶಕದ ನಡುಭಾಗದವರೆಗೂ ಅನೇಕ ಬ್ರಿಟಿಷ್ ಕಾರುಗಳಲ್ಲಿ ಧನಾಗ್ರವನ್ನೇ ಮೈಗೆ ಸೇರಿಸುತ್ತಿದ್ದರು. ಆದುದರಿಂದ ಪದವು ಧನ, ಋಣ ಎಂಬ ಭೇದಕ್ಕೆ ಅಂಟಿಕೊಳ್ಳದೆ ಮಾಡುವ ಕೆಲಸವನ್ನು ಹೇಳಬೇಕು ಎಂಬುದು ನನ್ನ ಅಭಿಪ್ರಾಯ.

ಈ ದೃಷ್ಟಿಯಿಂದ ನನಗೆ ತೋಚಿರುವವು ಎರಡು: ವಿದ್ಯುತ್ತು ಮರಳುವುದನ್ನು ಹೇಳುವ ‘ಮರುದಾರಿ’, ಕಾರಿನ ಒಡಲಿಗೆ ಸೇರುವುದನ್ನು ಹೇಳುವ ‘ಒಡಲುತಂತಿ’. ಸರ್ಕಿಟ್ಟಿಗೆ ಹೇಳುವ ‘ವಿದ್ಯುನ್ಮಂಡಲ’ ಎಂಬಲ್ಲಿನ ಮಂಡಲವೇ ಸುತ್ತಿಬಂದು ಸೇರುವುದನ್ನು ಸೂಚಿಸುವುದರಿಂದ ‘ಮರುದಾರಿ’ ಅದಕ್ಕೆ ಚೆನ್ನಾಗಿ ಒಗ್ಗುತ್ತದೆ. ‘ಬಲ್ಬ್ ಸರಿಯಿದೆ, ಮರುದಾರಿ ಕಡಿದಿದೆ’ ಎಂದರೆ ಓದುವವರು ಎಲ್ಲಿ ಹುಡುಕಬೇಕೆಂದು ತಾವೇ ಊಹಿಸಬಲ್ಲರು. ಆದರೆ ಇದು ನಾನು ಕಟ್ಟಿದ ಪದ, ಯಾರ ಬಾಯಲ್ಲೂ ಕೇಳಿದ್ದಲ್ಲ. ಬಳಕೆಯ ಮಾತೊಂದು ಈಗಾಗಲೇ ಇದ್ದರೆ ಅದನ್ನು ಬದಿಗಿಟ್ಟು ಹೊಸದನ್ನು ತರಲು ನನಗೆ ಮನಸ್ಸಿಲ್ಲ.

ಆದುದರಿಂದ ಟ್ರ್ಯಾಕ್ಟರ್, ಲಾರಿ, ಬಸ್ಸುಗಳ ವೈರಿಂಗ್ ಮಾಡುವವರ ಒಡನಾಟವಿರುವ ಓದುಗರನ್ನು ಕೇಳುತ್ತಿದ್ದೇನೆ: ನಿಮ್ಮ ಊರಿನ ಕೆಲಸಗಾರರು ಕಾರಿನ ಮೈಗೆ ಬಿಗಿಯುವ ಆ ತಂತಿಗೆ ‘ಅರ್ಥ್’ ಅಲ್ಲದೆ ಬೇರೇನಾದರೂ ಹೆಸರು ಹೇಳುತ್ತಾರೆಯೆ? ಹೇಳುವುದಾದರೆ ಅದು ತಂತಿಯ ಹೆಸರೋ, ದಾರಿಯ ಹೆಸರೋ? ಹಾಳೆಯಲ್ಲಿ ಆ ಪದ ಬರಬೇಕಾದ ನಾಲ್ಕು ಕಡೆಯೂ ಜಾಗ ಖಾಲಿ ಬಿಟ್ಟಿದ್ದೇನೆ.