ಪಿಗ್ಮಿ ಕೋರಿ ಮೀನು ಮೇಲಕ್ಕೆ ಬಂದು ಗಾಳಿ ಕುಡಿಯುತ್ತಿದೆ, ಉಳಿಯುತ್ತಾ?

ಸಣ್ಣತೊಟ್ಟಿ:
ಹೋದ ವಾರ ಹೊಸ ಟ್ಯಾಂಕ್‌ಗೆ ನಾಲ್ಕು ಪಿಗ್ಮಿ ಕೋರಿ (ಮೀಸೆ ಇರುವ ಪುಟ್ಟ ಮೀನು) ತಂದೆ. 40 ಲೀಟರ್, ಸ್ಪಾಂಜ್ ಫಿಲ್ಟರ್, ತಳದಲ್ಲಿ ಬಣ್ಣದ ಜಲ್ಲಿಕಲ್ಲು. ಇಡೀ ದಿನ ಫಿಲ್ಟರ್ ಹಿಂದೆ ಅಡಗಿರುತ್ತವೆ. ಇದ್ದಕ್ಕಿದ್ದಂತೆ ಒಂದು ಸರ್ರನೆ ಮೇಲೆ ಹೋಗಿ, ಬಾಯಿ ತೆರೆದು, ಅಷ್ಟೇ ಬೇಗ ಕೆಳಗೆ ಬರುತ್ತದೆ. ನಿನ್ನೆ ಒಂದು ಸತ್ತಿತು. ಅಂಗೈ ಮೇಲೆ ಇಟ್ಟು ನೋಡಿದೆ. ಮೀಸೆ ಪೂರ್ತಿ ಸವೆದು ಮೊಂಡಾಗಿತ್ತು. ಉಳಿದ ಮೂರನ್ನಾದರೂ ಉಳಿಸಿಕೊಳ್ಳಬೇಕು.

ಹಸಿರುಪಾಚಿ:
ಒಂದು ಹಿಡಿ ಕಲ್ಲುಪ್ಪು ಹಾಕಿ ನೋಡಿ. ನಮ್ಮ ಗಪ್ಪಿಗಳಿಗೆ ಏನಾದರೂ ಆದರೆ ಅದನ್ನೇ ಮಾಡುತ್ತೇವೆ.

ಮರಳುತಳ:
ಉಪ್ಪು ಬೇಡ ದಯವಿಟ್ಟು. ಗಪ್ಪಿಗೆ ಒಗ್ಗುತ್ತದೆ, ಕೋರಿಗೆ ಒಗ್ಗಲ್ಲ. ಇವು ಅಮೆಜಾನ್ ಸೇರುವ ಮಡೈರಾ ನದಿ ಕಡೆಯ ಮೀನು, ಲವಣ ಕಡಿಮೆ ಇರುವ ಮೆದು ನೀರಿನವು.

ಗಾಳಿ ಕುಡಿಯುವುದು ಅವುಗಳ ಹುಟ್ಟುಗುಣ. ನುಂಗಿದ ಗಾಳಿಯಲ್ಲಿನ ಆಮ್ಲಜನಕವನ್ನು ಕರುಳೇ ಹೀರಿಕೊಳ್ಳುತ್ತದೆ. ಆಗೊಮ್ಮೆ ಈಗೊಮ್ಮೆ ಹೋದರೆ ಹೆದರಬೇಡಿ. ಮೂರೂ ಬಿಡುವಿಲ್ಲದೆ ಓಡಾಡುತ್ತಿದ್ದರೆ ಮಾತ್ರ ನೀರು ಕೆಟ್ಟಿದೆ ಅಂತ ಅರ್ಥ. ಮೊದಲು ಅಮೋನಿಯ (ಮೀನಿನ ಗಲೀಜಿನಿಂದ ನೀರಿಗೆ ಸೇರುವ ವಿಷ) ಟೆಸ್ಟ್ ಮಾಡಿ.

ಮೀಸೆ ಒಂದೇ ವಾರದಲ್ಲಿ ಅಷ್ಟು ಸವೆಯಲ್ಲ, ತರುವ ಮೊದಲೇ ಶುರುವಾಗಿರಬೇಕು. ಆದರೂ ಜಲ್ಲಿ ತೆಗೆಯಿರಿ. ಸಂದಿಯಲ್ಲಿ ಕೊಳೆ ಕೂರುತ್ತದೆ, ಇವು ಮೂತಿ ತೂರಿಸುವುದು ಅಲ್ಲಿಗೇ. ಚೆನ್ನಾಗಿ ತೊಳೆದ ನುಣುಪು ಮರಳು ಹಾಕಿ. ಮೀನು ಹಿಡಿಯಲು ಬಲೆ ಬೇಡ, ರೆಕ್ಕೆಯ ಮುಳ್ಳು ಸಿಕ್ಕಿಕೊಳ್ಳುತ್ತದೆ. ಲೋಟದಲ್ಲಿ ಹಿಡಿದು ಅದೇ ನೀರಿನ ಬಕೆಟ್‌ಗೆ ಬಿಡಿ. ಫಿಲ್ಟರ್ ಸ್ಪಾಂಜ್ ತೊಳೆಯಬೇಡಿ.

ಅಡಗುವುದು ಒಂಟಿತನಕ್ಕೆ. ದೊಡ್ಡ ಕೋರಿಗಳ ಹಾಗೆ ಇವು ತಳ ಹಿಡಿದು ಕೂರುವ ಜಾತಿಯಲ್ಲ, ನಡುನೀರಿನಲ್ಲಿ ಗುಂಪಾಗಿ ಈಜುತ್ತವೆ. ಬೆಳೆದರೂ ಎರಡೂವರೆ ಸೆಂಟಿಮೀಟರ್ ಅಷ್ಟೇ, ಅಷ್ಟು ಪುಟ್ಟ ಜೀವಕ್ಕೆ ಗುಂಪೇ ಧೈರ್ಯ. ನನ್ನ ಹತ್ತಿರ ಹನ್ನೆರಡಿವೆ. ಸಂಜೆ ಎಲೆ ಮೇಲೆ ಸಾಲಾಗಿ ಕೂತು, ರೆಕ್ಕೆ ಅಲ್ಲಾಡಿಸುತ್ತಾ ಸುಮ್ನೆ ಇರುತ್ತವೆ. ಮೈ ಉದ್ದಕ್ಕೂ ಆ ಕಪ್ಪು ಗೆರೆ ನೋಡಲು ಎಷ್ಟು ಚೆಂದ ಅಲ್ವಾ! ಬಾಯಿ ಚಿಕ್ಕದು, ಮೀನಿನ ಆಹಾರದ ಕಾಳು ಪುಡಿ ಮಾಡಿ ಹಾಕಿ.

ಹಸಿರುಪಾಚಿ:
ಉಪ್ಪಿನ ವಿಷಯ ಗೊತ್ತಿರಲಿಲ್ಲ. ನನ್ನ ಸಲಹೆ ಬಿಟ್ಟುಬಿಡಿ.

ಸಣ್ಣತೊಟ್ಟಿ:
ಥ್ಯಾಂಕ್ಸ್ ಅಕ್ಕ. ಅಮೋನಿಯ 0.5 ತೋರಿಸಿತು. ಕಾಲು ಭಾಗ ನೀರು ಬದಲಿಸಿ ಮರಳು ಹಾಕಿದೆ. ಈಗ ಒಂದು ಹೊರಗೆ ಬಂದು ಮರಳಿನಲ್ಲಿ ಮೂತಿ ಇಟ್ಟು ಹುಡುಕುತ್ತಿದೆ. ಇನ್ನೂ ಎಂಟು ನಾಳೆಯೇ ತರಲಾ?

ಮರಳುತಳ:
ಬೇಡಪ್ಪ. ದಿನಾ ಸ್ವಲ್ಪ ಸ್ವಲ್ಪ ನೀರು ಬದಲಿಸಿ, ಊಟ ಕಡಿಮೆ ಹಾಕಿ. ಅಮೋನಿಯ ಸೊನ್ನೆಗೆ ಬಂದು ಒಂದು ವಾರ ಅಲ್ಲೇ ನಿಲ್ಲಲಿ. ಆಮೇಲೆ ತನ್ನಿ, ಮೀಸೆ ನೋಡಿ ಆರಿಸಿಕೊಳ್ಳಿ.