ಕುತ್ತಿಗೆ ಡಿಸ್ಕ್ ಬದಲಾಯಿಸೋ ಆಪರೇಷನ್: ರಿಪೋರ್ಟಲ್ಲಿ ಮೋಡಿಕ್ ಟೈಪ್ 2 ಅಂತಿದೆ, ಮಾಡಿಸಬಹುದಾ?

ದಾವಣಗೆರೆ_ತಮ್ಮ:
ನಮಸ್ಕಾರ ಎಲ್ರಿಗೂ. ನಮ್ಮಕ್ಕಂಗೆ 43 ವರ್ಷ, ಟೈಲರಿಂಗ್ ಮಾಡ್ತಾಳೆ. ಎಂಟು ತಿಂಗಳಿಂದ ಬಲಗೈ ಜೋಮು, ಹೆಬ್ಬೆರಳು ತೋರುಬೆರಳಲ್ಲಿ ಕರೆಂಟ್ ಹೊಡ್ದಂಗೆ ಆಗುತ್ತೆ, ಈಗೀಗ ಸೂಜಿಗೆ ದಾರ ಪೋಣಿಸೋಕೂ ನನ್ನೇ ಕರೀತಾಳೆ. ಫಿಸಿಯೋ, ಮಾತ್ರೆ, ಕಾಲರ್ ಎಲ್ಲಾ ಮುಗೀತು. ಎಂಆರ್‌ಐಲಿ ಸಿ5-ಸಿ6 ಡಿಸ್ಕ್ (ಕುತ್ತಿಗೆಯ ಐದನೇ ಆರನೇ ಮೂಳೆ ಮಧ್ಯದ್ದು) ನರ ಒತ್ತಿದೆ ಅಂತಿದೆ, ಅದರ ಕೆಳಗೇ ಮೋಡಿಕ್ ಟೈಪ್ 2 ಅಂತ ಬೇರೆ. ಒಬ್ರು ಡಾಕ್ಟ್ರು ಆರ್ಟಿಫಿಶಿಯಲ್ ಡಿಸ್ಕ್ ಹಾಕೋಣ ಅಂದ್ರು, ಇನ್ನೊಬ್ರು ಮೂಳೆ ಬದಲಾಗಿದೆ, ಫ್ಯೂಷನ್ನೇ (ಎರಡು ಮೂಳೆ ಸೇರಿಸಿ ಬೆಸೆಯೋದು) ಸೇಫು ಅಂತಾರೆ. ಯಾರ ಮಾತು ಕೇಳ್ಲಿ?

ಸ್ಕ್ಯಾನ್_ರೂಮು:
ಆ ಹೆಸ್ರು ನೋಡಿ ಗಾಬರಿ ಆಗ್ಬೇಡಿ ಬ್ರೋ. ಮೋಡಿಕ್ ಅನ್ನೋದು ರೋಗ ಅಲ್ಲ, ಅಮೆರಿಕದ ಒಬ್ಬ ರೇಡಿಯಾಲಜಿಸ್ಟ್ ಹೆಸ್ರು, 1988ರಲ್ಲಿ ಸೊಂಟದ ಎಂಆರ್‌ಐ ನೋಡಿ ಮಾಡಿದ ವಿಂಗಡಣೆ. ಡಿಸ್ಕ್ ಸವೆದಾಗ ಅದರ ಮೇಲೆ ಕೆಳಗಿನ ಮೂಳೆ ಮಜ್ಜೆ ಬದಲಾಗುತ್ತೆ, ಟೈಪ್ 1 ಅಂದ್ರೆ ಬಾವು, 2 ಅಂದ್ರೆ ಕೊಬ್ಬು ತುಂಬ್ಕೊಂಡಿದೆ, 3 ಅಂದ್ರೆ ಮೂಳೆ ಗಟ್ಟಿಯಾಗಿದೆ. ಜಾಸ್ತಿ ತಕರಾರು ಮಾಡೋದು ಟೈಪ್ 1, ನಿಮ್ಮಕ್ಕಂದು ಅದಲ್ಲ.

ಶಿವಮೊಗ್ಗ_ರಾಯ್ರು:
ನಂದು ಸಿ6-ಸಿ7, ನಂಗೂ ಟೈಪ್ 2 ಇತ್ತು, ಡಿಸ್ಕ್ ಹಾಕ್ಸಿ ನಾಲ್ಕು ವರ್ಷ ಆಯ್ತು. ಆಪರೇಷನ್ ಆಗಿ ಎಚ್ಚರ ಆದಾಗ್ಲೇ ಕೈ ನೋವು ಹೋಗಿತ್ತು ಕಣಪ್ಪ, ನಿಜ ಹೇಳ್ತೀನಿ, ಆದ್ರೆ ನಡುಬೆರಳಿನ ಜೋಮು ಹೋಗೋಕೆ ಐದು ತಿಂಗಳು ಬೇಕಾಯ್ತು. ಕುತ್ತಿಗೆ ಮುಂದ್ಗಡೆಯಿಂದ ಕುಯ್ಯೋದಲ್ವಾ, ಹತ್ತು ದಿನ ಅನ್ನ ಗಂಟಲಲ್ಲೇ ನಿಲ್ತಿತ್ತು, ಗಂಜಿ ಕುಡ್ಕೊಂಡೇ ಇದ್ದೆ. ಬೆಳಿಗ್ಗೆ ಎದ್ದಾಗ ಕುತ್ತಿಗೆ ಬಿಗಿ ಈಗ್ಲೂ ಇದೆ, ಅದು ಪೂರ್ತಿ ಹೋಗುತ್ತೆ ಅಂತ ನಂಗೆ ಯಾರೂ ಮಾತು ಕೊಟ್ಟಿರ್ಲಿಲ್ಲ ಬಿಡಿ.

ಆರ್ಥೋ_ಪೀಜಿ:
ರಾಯ್ರು ಹೇಳಿದ್ದೇ ಮುಖ್ಯ ವಿಷ್ಯ, ಆಪರೇಷನ್ ಇರೋದು ನರದ ಒತ್ತಡ ತೆಗೆಯೋಕೆ. ಕೈ ನೋವಿಗೆ ಚೆನ್ನಾಗಿ ಕೆಲ್ಸ ಮಾಡುತ್ತೆ, ಬರೀ ಕುತ್ತಿಗೆ ನೋವಿಗೆ ಅಂತ ಮಾಡಿಸಿದ್ರೆ ನಿರಾಸೆ ಜಾಸ್ತಿ. ಮೋಡಿಕ್ ಒಂದೇ ಕಾರಣಕ್ಕೆ ಬೇಡ ಅನ್ನೋದು ನನ್ನ ಪ್ರಕಾರ ಸರಿಯಲ್ಲ. ನೀವು ಡಾಕ್ಟ್ರ ಹತ್ರ ಕೇಳ್ಬೇಕಾದ್ದು ಬೇರೆ: ಕುತ್ತಿಗೆ ಬಗ್ಗಿಸಿ ಎತ್ತಿ ತೆಗೆಯೋ ಎಕ್ಸ್‌ರೇಲಿ ಆ ಡಿಸ್ಕ್ ಜಾಗ ಇನ್ನೂ ಅಲುಗಾಡ್ತಿದೆಯಾ, ಬೆನ್ನುಮೂಳೆ ಹಿಂದ್ಗಡೆ ಇರೋ ಚಿಕ್ಕ ಕೀಲು (ಫಸೆಟ್) ಸವೆದಿದೆಯಾ, ಮೂಳೆ ಗಟ್ಟಿ ಇದೆಯಾ. ಮೂಳೆ ಟೊಳ್ಳಾಗಿದ್ರೆ ಡಿಸ್ಕ್ ಒಳಕ್ಕೆ ಕುಸಿಯೋ ರಿಸ್ಕ್ ಇರುತ್ತೆ, ಆಗ ಫ್ಯೂಷನ್ ಅಂದ ಡಾಕ್ಟ್ರೇ ಸರಿ. ಇನ್ನೊಂದು, ವರ್ಷಗಳಾದ್ಮೇಲೆ ಕೆಲವ್ರಿಗೆ ಡಿಸ್ಕ್ ಸುತ್ತ ಮೂಳೆ ಬೆಳೆದು ಅಲುಗಾಟ ನಿಂತು ಫ್ಯೂಷನ್ ಥರಾನೇ ಆಗೋಗುತ್ತೆ, ಹಾಗಂತ ನೋವು ಬಂದೇ ಬರುತ್ತೆ ಅಂತಿಲ್ಲ. ಮತ್ತೆ ನಡಿಗೆ ತೂರಾಡಿದ್ರೆ, ಮೂತ್ರ ಕಂಟ್ರೋಲ್ ತಪ್ಪಿದ್ರೆ ಇಲ್ಲಿ ಟೈಪ್ ಮಾಡ್ತಾ ಕೂರ್ಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ.

ದಾವಣಗೆರೆ_ತಮ್ಮ:
ನಡಿಗೆ ಸರಿಯಿದೆ ಸಾರ್, ಕೈ ಮಾತ್ರ. ಬಗ್ಗಿಸಿ ತೆಗೆಯೋ ಎಕ್ಸ್‌ರೇ ಮಾಡ್ಸೇ ಇಲ್ಲ, ಇಬ್ರೂ ಬರೀ ಎಂಆರ್‌ಐ ನೋಡಿ ಹೇಳಿದ್ದು. ಮೂಳೆ ಗಟ್ಟಿ ಇದೆಯಾ ನೋಡೋ ಡೆಕ್ಸಾ ಸ್ಕ್ಯಾನೂ ಸೇರ್ಸಿ ಗುರುವಾರ ಮಾಡಿಸ್ತೀನಿ. ಅಕ್ಕ ಅಂತೂ ಗೌರಿ ಹಬ್ಬದ ಬ್ಲೌಸ್ ಆರ್ಡರ್ ತಗೊಳ್ಲಾ ಬೇಡ್ವಾ ಅಂತ ತಲೆ ತಿಂತಿದಾಳೆ, ಅದಕ್ಕೇನ್ ಹೇಳ್ಲಿ?

ಶಿವಮೊಗ್ಗ_ರಾಯ್ರು:
ಈ ಸಲ ಬೇಡ ಅನ್ನಪ್ಪ. ತಲೆ ಬಗ್ಗಿಸ್ಕೊಂಡು ಮಿಷನ್ ತುಳಿಯೋದೇ ಆ ಕುತ್ತಿಗೆಗೆ ದೊಡ್ಡ ಶತ್ರು.